ಒಂದು ಉದ್ಧರಣೆ ನೀರು

ಉದ್ಧರಣೆಯ ನೀರು ಶೇಷಗಿರಿಯ ತುಟಿಯ ಮೇಲಿಂದ ಜಾರಿ, ಗಲ್ಲ ಇಳಿದು, ನೀಲಿ ಟೈಯೊಳಗೆ ಇಂಗಿಹೋಯಿತು. ತುಳಸಿ ದಳ ಮಾತ್ರ ಮೀಸೆಗೆ ಸಿಕ್ಕಿಕೊಂಡಿತು. ವೇದವತಿ ಇನ್ನೊಂದು ಉದ್ಧರಣೆ ಹಾಕಿದಳು. ಅದೂ ಅಷ್ಟೇ. ಹೆಬ್ಬೆರಳಿನಿಂದ ಗಂಡನ ಕೆಳತುಟಿಯನ್ನು ಮೆಲ್ಲಗೆ ಎಳೆದು ನೋಡಿದಳು. ತುಟಿ ಜಗ್ಗಲಿಲ್ಲ.

"ಸಾಕಮ್ಮ, ತುಟಿಗೆ ಮುಟ್ಟಿದ್ರೆ ಆಯ್ತು," ಎಂದರು ಆನಂದತೀರ್ಥರು. ವಾರವೆಲ್ಲ ಆಫೀಸಿನಲ್ಲಿ ಕಂಪ್ಯೂಟರ್ ಚಿಪ್ಪಿನ ಡಿಸೈನು, ಶನಿವಾರ ಭಾನುವಾರ ಪೌರೋಹಿತ್ಯ. ಎಂಬತ್ತಾರನೆಯ ಇಸವಿಯಲ್ಲಿ ಬೇ ಏರಿಯಾದ ಕನ್ನಡಿಗರಿಗೆ ಮದುವೆಗೂ ಮಸಣಕ್ಕೂ ಅವರೊಬ್ಬರೇ ಗತಿ. "ಇದೆಲ್ಲ ಸಿಂಬಾಲಿಕ್ಕು. ನಮ್ಮ ಹಿಂದೆ ಇನ್ನೊಬ್ಬರದು ಇದೆ, ಜಾಗ ಬಿಟ್ಕೊಡ್ಬೇಕು."

ವೇದವತಿ ಬಗ್ಗಿ ನೋಡಿದಳು. ಎರಡು ತುಟಿ ಕೂಡುವಲ್ಲಿ ಎಳೆಯಷ್ಟು ಸಣ್ಣ ಹೊಳಪಿತ್ತು. ಆ ಹೊಳಪು ಅವಳಿಗೆ ಹೊಸದಲ್ಲ. ಮನೆಯ ಗರಾಜಿನ ತುಂಬ ಗಂಡ ಅಂಟಿಸಿ ನಿಲ್ಲಿಸಿದ್ದ ಪುಟಾಣಿ ವಿಮಾನಗಳ ರೆಕ್ಕೆಯ ಬುಡದಲ್ಲಿ ದಿನಾ ನೋಡಿದ್ದೇ.

"ಅಂಟು ಹಾಕಿದಾರೆ. ಬಾಯಿಗೆ ಅಂಟು ಹಾಕಿದಾರೆ ಇವ್ರಿಗೆ!"

ಎಲ್ಲರೂ ತಿರುಮಲೇಶನ ಕಡೆ ತಿರುಗಿದರು. ಶೇಷಗಿರಿಯ ಚಿಕ್ಕಪ್ಪನ ಮಗ. ಮಕ್ಕಳಿಲ್ಲದ ಅಣ್ಣನಿಗೆ ಕರ್ಮ ಮಾಡುವವನೂ ಅವನೇ, ರೆಡ್‌ವುಡ್ ಸಿಟಿಯ ಈ ಫ್ಯೂನರಲ್ ಹೋಮಿನವರ ಜೊತೆ ಮಾತಾಡಿದವನೂ ಅವನೇ.

"ಫೋನಲ್ಲಿ ಏನೇನೋ ಕೇಳಿದ್ರು ಅತ್ತಿಗೆ. ಫೀಚರ್ಸ್ ಸೆಟ್ ಮಾಡ್ಬೇಕಾ ಅಂದ್ರು. ಮುಖ ಲಕ್ಷಣವಾಗಿ ಕಾಣ್ಲಿ ಅಂತ ಎಸ್ ಅಂದೆ. ಎಲ್ಲಾದಕ್ಕೂ ಎಸ್ ಅಂದೆ. ಬಾಯಿ ಅಂಟಿಸ್ತಾರೆ ಅಂತ ಯಾರಿಗೆ ಗೊತ್ತು?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವನದು. ಬಂದು ಹತ್ತು ವರ್ಷವಾದರೂ, ಫೋನಿನಲ್ಲಿ ಬಿಳಿಯರು ಏನಾದರೂ ಕೇಳಿದರೆ ಅರ್ಥವಾಗಲಿಲ್ಲ ಎನ್ನಲು ಅವನಿಗೆ ನಾಚಿಕೆ. ಎಸ್ ಎನ್ನುವುದೇ ಸಲೀಸು.

"ನಮ್ಮಲ್ಲಿ ಬಾಯಿಗೆ ನೀರು ಬಿಡ್ತೀವಿ ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವೇನೋ ನಿಂಗೆ?"

ಸರಟೋಗಾದಿಂದ ಬಂದಿದ್ದ ಗೆಳತಿ ಪ್ರಭಾ ವೇದವತಿಯ ಭುಜ ಹಿಡಿದುಕೊಂಡಳು. "ಹೋಗ್ಲಿ ಬಿಡು ವೇದಾ. ನಿನ್ನ ಮನಸ್ಸು ಅವ್ರ ಆತ್ಮಕ್ಕೆ ಗೊತ್ತಾಗತ್ತೆ."

"ಏನೂ ಗೊತ್ತಾಗಲ್ಲ. ಅವ್ರಿಗೆ ಬಾಯಾರಿಕೆ ಆಗಿತ್ತು."

*

ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಬಾಯಿಗೆ ಏನೂ ಹಾಕಬಾರದೆಂದು ನರ್ಸು ಹೇಳಿ ಹೋಗಿದ್ದಳು. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. "ವೇದಾ, ಒಂಚೂರು ನೀರು," ಎಂದ ಶೇಷಗಿರಿ. ಮದುವೆಯಾದ ಮೇಲೆ ಅವಳನ್ನು ಏನೂ ಕೇಳದ ಮನುಷ್ಯ. ಕಾಫಿಯನ್ನೂ ತಾನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದ.

"ಆಪರೇಷನ್ ಆಗ್ಲಿ, ಕೊಡ್ತೀನಿ. ಬೇಡ ಅಂದಿದಾರೆ."

"ತುಟಿ ಒದ್ದೆ ಆಗೋಷ್ಟು ಕೊಡು."

ಪಕ್ಕದ ಹಾಸಿಗೆಯವರ ಜಗ್ಗಿನಲ್ಲಿ ಐಸು ತೇಲುತ್ತಿತ್ತು. ಅವನ ಕಣ್ಣು ಅತ್ತ ಹೋಗದಿರಲೆಂದು ವೇದವತಿ ನಡುವಿನ ಪರದೆ ಎಳೆದಳು. ಆಮೇಲೆ ಆಸ್ಪತ್ರೆಯವರು ಬಂದು ಅವನನ್ನು ತಳ್ಳಿಕೊಂಡು ಹೋದರು. ತಿರುಗಿ ಬಂದದ್ದು ಡಾಕ್ಟರು ಮಾತ್ರ.

ನರ್ಸು ಹೇಳಿದ್ದು ಸರಿಯೇ, ಅವಳು ಮಾಡಿದ್ದೂ ಸರಿಯೇ. ಅಷ್ಟು ಸರಿಯಾಗಿರು ಎಂದು ಅವಳನ್ನು ಯಾರು ಬೇಡಿಕೊಂಡಿದ್ದರು?

*

"ಪ್ರಭಾ, ಉಗುರಿನ ಬಣ್ಣ ತೆಗೆಯೋ ನೀರು ಕೊಡು."

ಪ್ರಭಾ ಬೆಚ್ಚಿದಳು. ಸಾವಿನ ಮನೆಯಲ್ಲಿ ಕೆಂಪು ಉಗುರು ಹೇಗೆ ತೋರಿಸುವುದೆಂದು ಪಾರ್ಕಿಂಗ್ ಲಾಟಿನಲ್ಲಿ ಕಾರೊಳಗೇ ಕೂತು ಉಜ್ಜಿಕೊಂಡು ಬಂದಿದ್ದಳು. ಕೈಯಲ್ಲಿ ವಾಸನೆ ಇನ್ನೂ ಇತ್ತು. "ನಿಂಗೆ ತಲೆ ಕೆಟ್ಟಿದ್ಯೇನೇ?" ಎನ್ನುತ್ತಲೇ ಸೀಸೆ, ಹತ್ತಿ ಎರಡನ್ನೂ ಬ್ಯಾಗಿನಿಂದ ತೆಗೆದುಕೊಟ್ಟಳು.

*

ಮದುವೆಯಾದ ಹೊಸತು. ಗರಾಜಿನಲ್ಲಿ ಧೂಳು ಹೊಡೆಯುವಾಗ ಹಸಿ ಅಂಟಿಗೆ ವೇದವತಿಯ ಬೆರಳು ತಗುಲಿ, ವಿಮಾನದ ಪುಟ್ಟ ಗಾಜಿನ ಮೇಲೆ ಗುರುತು ಬಿತ್ತು. ಹೆದರಿ ಸೆರಗಿನಿಂದ ಒರೆಸಿದಳು, ಇನ್ನಷ್ಟು ಹರಡಿತು. ಇದೇ ಬಣ್ಣ ತೆಗೆಯುವ ನೀರು ಹಚ್ಚಿದಳು. ಪ್ಲಾಸ್ಟಿಕ್ ಗಾಜು ಕರಗಿ ಬೆಲ್ಲದ ಪಾಕದ ಹಾಗಾಯಿತು.

ಸಂಜೆ ಶೇಷಗಿರಿ ನೋಡಿದ. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ವಾರ ಕಳೆದ ಮೇಲೆ ಅವಳನ್ನು ಗರಾಜಿಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದ.

"ಹಸಿ ಅಂಟನ್ನ ಒರೆಸ್ಬಾರ್ದು. ಒಣಗಕ್ಕೆ ಬಿಡ್ಬೇಕು. ಆಮೇಲೆ ಸ್ಯಾಂಡ್‌ಪೇಪರ್ ನೀರಲ್ಲಿ ಅದ್ದಿ ನಯವಾಗಿ ಉಜ್ಬೇಕು, ಕೊನೇಲಿ ಟೂತ್‌ಪೇಸ್ಟ್ ಹಚ್ಚಿ ಹೊಳಪು ತರ್ಬೇಕು. ಸೂಪರ್ ಗ್ಲೂನ ಈ ರಿಮೂವರ್ರು ಬಿಡಿಸತ್ತೆ, ಆದ್ರೆ ಪ್ಲಾಸ್ಟಿಕ್ಕನ್ನೂ ತಿನ್ನತ್ತೆ. ಬೆರಳು ಅಂಟ್ಕೊಂಡ್ರೆ ಮಾತ್ರ ಇದೇ ಸರಿ. ಎಳೀಬೇಡ, ಚರ್ಮ ಬರತ್ತೆ. ಹತ್ತೀಲಿ ನೆನೆಸಿ, ಕಾದು, ಹೊರಳಿಸ್ತಾ ಹೊರಳಿಸ್ತಾ ಬಿಡಿಸು."

ಅವನು ಅವಳ ಜೊತೆ ಆಡಿದ ಅತಿ ಉದ್ದದ ಮಾತು ಅದು. ಇನ್ನು ಮೇಲೆ ಹೀಗೇ ಮಾತಾಡುತ್ತಾನೆ ಎಂದುಕೊಂಡಳು, ಹುಚ್ಚಿ. ಮಾರನೆಯ ದಿನದಿಂದ ಮತ್ತೆ "ಹೂಂ", "ಉಪ್ಪು", "ಬಾಗಿಲು ಹಾಕ್ಕೋ". ಬಾಯಿ ಬಿಟ್ಟರೆ ಎಲ್ಲಿ ಮುತ್ತು ಉದುರೀತೋ ಎನ್ನುವ ಹಾಗೆ. ಒಂದು ರೆಕ್ಕೆ ಒಣಗಲೆಂದು ಗಂಟೆಗಟ್ಟಲೆ ಕಾಯುತ್ತಿದ್ದ ಗಂಡಸಿಗೆ, ಅವಳ ಒಂದು ಮಾತು ಮುಗಿಯುವ ತನಕ ಕಾಯಲು ಪುರುಸೊತ್ತಿರಲಿಲ್ಲ. ಆ ಸಿಟ್ಟು ಅವಳಿಗೆ ಇವತ್ತೂ ಇತ್ತು, ಹೆಣದ ಮುಂದೆಯೂ ಇತ್ತು.

*

ಅವಳು ಎಳೆಯಲಿಲ್ಲ. ಹತ್ತಿ ನೆನೆಸಿ ತುಟಿಯ ಉದ್ದಕ್ಕೂ ಒತ್ತಿಟ್ಟು ಕಾದಳು. ಕಟು ವಾಸನೆ ಊದುಬತ್ತಿಯನ್ನು ನುಂಗಿತು. ಫ್ಯೂನರಲ್ ಹೋಮಿನ ಕೋಟುಧಾರಿ ಒಳಗೆ ಬಂದು, "ಮ್ಯಾಮ್, ಪ್ಲೀಸ್," ಎಂದು ಮುಂದೆ ಹೆಜ್ಜೆಯಿಟ್ಟ. ತಿರುಮಲೇಶ ಅವನಿಗೆ ಅಡ್ಡ ನಿಂತ. "ನೋ," ಎಂದ. ಇನ್ನೊಂದು ಸಲ "ನೋ" ಎಂದ.

"ಅಮ್ಮಾ, ಹೊತ್ತಾಗತ್ತೆ," ಎಂದರು ಆನಂದತೀರ್ಥರು.

"ಆಗ್ಲಿ. ಇಷ್ಟು ವರ್ಷ ನಾನು ಕಾದಿಲ್ವೇ?"

ಬಲಗಡೆಯ ಕೊನೆ ಮೊದಲು ಬಿಟ್ಟಿತು. ಬೆರಳಿನಿಂದ ಹೊರಳಿಸುತ್ತ ಹೊರಳಿಸುತ್ತ ಹೋದಳು. ಒಂದು ಕಡೆ ಚೂರು ಚರ್ಮ ಎದ್ದಿತು, ರಕ್ತ ಬರಲಿಲ್ಲ. ಬಾಯಿ ತೆರೆಯಿತು.

ಹಲ್ಲಿನ ಮುಂದೆ ಹತ್ತಿ. ಕೆನ್ನೆ ಗುಳಿಬೀಳದಿರಲೆಂದು ಒತ್ತೊತ್ತಾಗಿ ತುರುಕಿದ್ದರು. ಪ್ರಭಾ "ಅಯ್ಯೋ ದೇವರೇ" ಎಂದು ಮುಖ ತಿರುಗಿಸಿದಳು. ಬೆರಳು ಹಾಕಿ ಎಳೆದರೆ ಹತ್ತಿ ಬರಲೊಲ್ಲದು, ದವಡೆಯೇ ಕದಲುತ್ತದೆ. ವೇದವತಿ ಕೈ ತೆಗೆದಳು.

ಉದ್ಧರಣೆಯಲ್ಲಿ ನೀರು ಬಿಟ್ಟಳು. ಹತ್ತಿ ಕುಡಿಯಿತು. ಇನ್ನೊಂದು ಬಿಟ್ಟಳು, ಕುಡಿಯಿತು. ಮೂರನೆಯದು ಬಿಟ್ಟಳು. ಕುಡಿಯಿತು.

"ಮೂರು ಸಾಕಮ್ಮ," ಎಂದರು ಆನಂದತೀರ್ಥರು.

ಅವಳು ಉದ್ಧರಣೆ ಕೆಳಗಿಟ್ಟು, ಕಾಶಿಯ ತಾಮ್ರದ ಗಿಂಡಿಯನ್ನೇ ಎತ್ತಿ ಬಗ್ಗಿಸಿದಳು. "ಕುಡೀರಿ. ಈಗ ಯಾರೂ ಬೇಡ ಅನ್ನಲ್ಲ. ಬೇಕಾದಷ್ಟು ಕುಡೀರಿ."

ಹತ್ತಿ ನೆನೆದು ಉಬ್ಬಿತು. ಅವಳು ಬಿಡಿಸಿದ ತುಟಿಗಳನ್ನು ಒಳಗಿನಿಂದ ತಳ್ಳಿಕೊಂಡು ಬೆಳ್ಳಗೆ ಹೊರಗೆ ಬಂತು, ಬಾಯಿ ತುಂಬಿಹೋಯಿತು.