ಸುತ್ತಿಗೆ ಮುಟ್ಟದ ಪೆಟ್ಟಿಗೆ

"ಅತ್ತಿಗೆ, ಸ್ವಲ್ಪ ಆ ಕಡೆ ಹೋಗಿ ಕೂತ್ಕೊಳ್ಳಿ," ಎನ್ನುತ್ತ ಮೈದುನ ಸುತ್ತಿಗೆ ಎತ್ತಿದ.

ಬಡಗಿ ಮೇಸ್ತ್ರಿಯ ಹೆಂಡತಿ ಶವಪೆಟ್ಟಿಗೆಯ ಮುಚ್ಚಳದ ಮೇಲೆ ಎರಡೂ ಕೈ ಊರಿದಳು. "ಮೊಳೆ ಬೇಡಪ್ಪಾ. ನಿಮ್ಮಣ್ಣ ಯಾವತ್ತಾದ್ರೂ ಪೆಟ್ಟಿಗೆಗೆ ಮೊಳೆ ಹೊಡೆದಿದ್ದುಂಟಾ?"

"ಅಣ್ಣನ ಕೈಗುಣ ಅಣ್ಣನ ಜೊತೆಗೇ ಹೋಯ್ತಲ್ಲ. ನನಗೆ ಕುರ್ಚಿ ಕಾಲು ಕೂರಿಸೋಕೂ ಬರಲ್ಲ. ಜನ ಕಾಯ್ತಿದ್ದಾರೆ. ಎರಡೇ ನಿಮಿಷ, ಕಿವಿ ಮುಚ್ಕೊಂಡುಬಿಡಿ."

ಕಿವಿ ಮುಚ್ಚಿಕೊಳ್ಳಬೇಕಂತೆ! ಮೂವತ್ತು ವರ್ಷದ ಹಿಂದೆಯೂ ಮುಚ್ಚಿಕೊಂಡಿದ್ದಳು. ಆರು ವರ್ಷದ ಮಗಳ ಪೆಟ್ಟಿಗೆಗೆ ಯಾರೋ ಪುಣ್ಯಾತ್ಮ ಹೊಡೆದ ಮೊಳೆಯ ಏಟು ಇವತ್ತಿಗೂ ಎದೆಯೊಳಗೆ ಕೇಳುತ್ತದೆ. ಅಂದಿನಿಂದ ಮೇಸ್ತ್ರಿ ಯಾರ ಪೆಟ್ಟಿಗೆಯನ್ನೇ ಆಗಲಿ, ಮರದ ಬೆಣೆ ಕೆತ್ತಿ, ಮೇಣ ಸವರಿ, ಅಂಗೈಯಿಂದಲೇ ಒತ್ತಿ ಮುಚ್ಚುತ್ತಿದ್ದ. "ಇನ್ನೊಬ್ಬ ತಾಯಿಗೆ ಆ ಸದ್ದು ಕೇಳಿಸಬಾರದು ಕಣೇ," ಎಂದಿದ್ದ. ಎಂಥ ಮನುಷ್ಯ!

ಈಗ ಅವನಿಗೇ ಸುತ್ತಿಗೆಯೇಟೇ?

"ನಾನು ಮಾಡ್ತೀನಿ," ಎಂದಿತು ಬಾಗಿಲ ಬಳಿಯಿಂದ ಒಂದು ತೊದಲು ದನಿ. ಕಡಲಾಚೆಯಿಂದ ಬಂದು ವಾರವಷ್ಟೇ ಆಗಿದ್ದ, ಕನ್ನಡದ ನಾಲ್ಕು ಮಾತು ಮಾತ್ರ ಕಲಿತಿದ್ದ ಮಿಷನರಿ ಹುಡುಗಿ.

*

ಸೋಮವಾರ ಅವಳು ಪ್ರಾರ್ಥನೆಯ ಪುಸ್ತಕ ಹಿಡಿದು ಬಂದು, "ನಿಮಗೆ ಏನು ಸೇವೆ ಮಾಡಲಿ?" ಎಂದು ಬಾಯಿಪಾಠ ಒಪ್ಪಿಸಿದ್ದಳು. ಮೇಸ್ತ್ರಿ ಪುಸ್ತಕವನ್ನು ಕಿಟಕಿಯಲ್ಲಿಟ್ಟು ಮರ ಉಜ್ಜುವ ಕಾಗದ ಕೈಗೆ ಕೊಟ್ಟ.

"ಏನ್ರೀ ಇದು, ದೇವರ ಕೆಲಸಕ್ಕೆ ಬಂದ ಹುಡುಗಿ ಕೈಲಿ ಮರ ಉಜ್ಜಿಸ್ತೀರಲ್ಲ!" ಎಂದು ಹೆಂಡತಿ ಗದರಿದಳು.

"ದೇವರು ಕೇಳಿದ್ರೆ ನಾನು ಹೇಳ್ಕೋತೀನಿ ಬಿಡೇ."

ಬುಧವಾರ ಹುಡುಗಿ ಬೆಣೆಯನ್ನು ತೂತಿಗಿಟ್ಟು ಸುತ್ತಿಗೆಗೆ ಕೈಹಾಕಿದಳು. ಮೇಸ್ತ್ರಿ ತಟ್ಟನೆ ಅವಳ ಮಣಿಕಟ್ಟು ಹಿಡಿದ. ಭಾಷೆ ಸರಿಯಾಗಿ ಬಾರದವಳಿಗೆ ಹೇಳುವುದು ಹೇಗೆ? ಗೋಡೆಯ ಮೇಲಿನ ಮಗಳ ಪಟ ತೋರಿಸಿದ, ಹೆಂಡತಿಯನ್ನು ತೋರಿಸಿದ, ತನ್ನ ಕಿವಿ ಮುಟ್ಟಿಕೊಂಡ. ಹುಡುಗಿಯ ಕಣ್ಣು ತುಂಬಿ ಬಂತು. ಆಮೇಲೆ ಅವಳು ಸುತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಶುಕ್ರವಾರ ಇಬ್ಬರೂ ಸೇರಿ ಒಂದು ಪೆಟ್ಟಿಗೆ ಮಾಡಿಟ್ಟರು. ಶನಿವಾರ ಬೆಳಿಗ್ಗೆ ಮೇಸ್ತ್ರಿ ಏಳಲಿಲ್ಲ.

*

"ಇದೇನು ಹುಡುಗಾಟವಾ?" ಎಂದ ಮೈದುನ.

"ಮಾಡ್ಲಿ ಬಿಡಪ್ಪಾ," ಎಂದಳು ಅತ್ತಿಗೆ.

ಹುಡುಗಿ ಮೊಣಕಾಲೂರಿ ಕೂತಳು. ಮೊದಲ ಬೆಣೆಯೇ ಅರ್ಧಕ್ಕೆ ಸಿಕ್ಕಿಕೊಂಡಿತು. ಮೈದುನ ಲೊಚಗುಟ್ಟಿದ. ಅವಳು ಅದನ್ನು ಕಿತ್ತು, ಚಾಕುವಿನಿಂದ ಹೆರೆದು, ಇನ್ನಷ್ಟು ಮೇಣ ಹಚ್ಚಿ ತಿರುಚುತ್ತ ಒತ್ತಿದಳು. ಇಳಿಯಿತು! ಎರಡು, ಮೂರು, ನಾಲ್ಕು. ಏಳನೆಯದು ಕೂರುವ ಹೊತ್ತಿಗೆ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು.

"ಸಾಕಮ್ಮಾ, ಕೈ ನೋಡು ಹೇಗಾಗಿದೆ," ಎಂದು ಮೇಸ್ತ್ರಿಯ ಹೆಂಡತಿ ಅತ್ತಳು.

ಹುಡುಗಿ ಎಂಟನೆಯ ಬೆಣೆಯನ್ನು ಅವಳ ಮುಂದೆ ಹಿಡಿದಳು. ಮುದುಕಿ ಅದನ್ನು ತೂತಿಗಿಟ್ಟು ಅಂಗೈ ಊರಿದಳು. ಆ ಕೈಯ ಮೇಲೆ ಹುಡುಗಿಯ ಕೈ. ಮೈದುನ ಸುತ್ತಿಗೆ ಕೆಳಗಿಟ್ಟು, ಇಬ್ಬರ ಕೈಗಳ ಮೇಲೆ ತನ್ನದನ್ನೂ ಇಟ್ಟ. ಬೆಣೆ ಮೆಲ್ಲನೆ ಇಳಿದು ಮುಚ್ಚಳದ ಮಟ್ಟಕ್ಕೆ ನಿಂತಿತು.

ಹೊರಗೆ ಜನ ಇನ್ನೂ ಮಾತಾಡುತ್ತ ಕೂತೇ ಇದ್ದರು. ನೆರೆಮನೆಯ ಅಜ್ಜ ಕಿಟಕಿಯಿಂದ ಇಣುಕಿ ಕೇಳಿದ:

"ಏನ್ರಪ್ಪಾ, ಇಷ್ಟು ಹೊತ್ತಾದ್ರೂ ಸದ್ದೇ ಇಲ್ಲ, ಇನ್ನೂ ಮುಚ್ಚೋಕೆ ಶುರು ಮಾಡಿಲ್ವಾ?"