ಅಮ್ಮ ಹಿಡಿದ ತಾಳ

"ನೋಡಲ್ಲ ಅಂದ್ರೆ ನೋಡಲ್ಲ," ಎಂದು ಹದೀಚಾ ಕಂಬಗಳ ನಡುವೆ ಎತ್ತರಕ್ಕೆ ಕಟ್ಟಿದ ಹಗ್ಗಕ್ಕೆ ಬೆನ್ನು ಹಾಕಿ ಚಹದ ಒಲೆಯ ಮುಂದೆ ಕೂತಳು. "ಅಪ್ಪ ಮಗಳು ಏನಾದ್ರೂ ಮಾಡ್ಕೊಳಿ."

ಎರ್ಗಶ್ ತನ್ನ ದೋಯ್ರಾ ತಮಟೆಯ ಚರ್ಮವನ್ನು ಅದೇ ಒಲೆಯ ಶಾಖಕ್ಕೆ ಹಿಡಿದು ಬಿಗಿಮಾಡುತ್ತಿದ್ದ. ತಮಟೆಯ ಒಳಅಂಚಿನ ಕಿರುಬಳೆಗಳು ಘಲ್ಲೆಂದವು. "ಇವಳು ನನ್ನನ್ನೂ ಒಂದಿನ ನೋಡಿದವಳಲ್ಲ. ಹಗ್ಗದ ಮೇಲೆ ನನ್ನ ಮೀಸೆ ಎಷ್ಟು ಚೆಂದ ಕಾಣ್ತಿತ್ತು ಗೊತ್ತಾ?"

"ನಿಮ್ಮನ್ನ ನೆಲದ ಮೇಲೆ ನೋಡಿದ್ದೇ ಸಾಕಾಗಿದೆ."

ಓಯ್ದಿನ್ ನಗುತ್ತ ಸೊಂಟದ ಪಟ್ಟಿ ಬಿಗಿದುಕೊಂಡಳು. ಅಪ್ಪ ಎಡತೋಳನ್ನು ಕೊಡವಿಕೊಂಡದ್ದನ್ನು ಕಂಡಳು, ಚಳಿಯೆಂದುಕೊಂಡಳು. ವಸಂತದ ನವ್‌ರೋಜ್ ಹಬ್ಬ ಬಂದಿದ್ದರೂ ಶಹ್ರಿಖಾನ್ ಊರಿನ ಬಯಲಲ್ಲಿ ಗಾಳಿ ಇನ್ನೂ ಕೊರೆಯುತ್ತಿತ್ತು. ಇದೇ ಅವಳ ಕೊನೆಯ ಆಟ. ಜರದಾಳು ಹಣ್ಣಾಗುವ ಹೊತ್ತಿಗೆ ಮದುವೆ. ಸೊಸೆ ಹಗ್ಗ ಹತ್ತಕೂಡದೆಂದು ಗಂಡಿನ ಮನೆಯವರು ಮಾತು ತೆಗೆದುಕೊಂಡಿದ್ದರು.

ನೆರೆದವರು ಅಂಗೈ ಎತ್ತಿ ಮುಖ ಸವರಿಕೊಂಡು ಹರಸಿದರು. ಅವಳು ಏಣಿ ಹತ್ತಿ, ಉದ್ದನೆಯ ಕೋಲು ಹಿಡಿದು ಹಗ್ಗಕ್ಕೆ ಕಾಲಿಟ್ಟಳು. ಕೆಳಗೆ ಅಪ್ಪ ದೋಯ್ರಾ ಬಾರಿಸತೊಡಗಿದ. ಕಣ್ಣು ಆಚೆ ಕಂಬದ ಕೆಂಪು ಬಟ್ಟೆಯ ಮೇಲೆ. ಅಪ್ಪ ಕಲಿಸಿದ್ದು ಇಷ್ಟೇ: "ನಾನೆಲ್ಲಿದೀನಿ ಅಂತ ಕಣ್ಣಲ್ಲಿ ಹುಡುಕಬೇಡ. ಕಿವಿಯಲ್ಲಿ ಹುಡುಕು."

ಕೆಳಗೆ ಮುಖಕ್ಕೆ ಹಿಟ್ಟು ಬಳಿದುಕೊಂಡ ವಿದೂಷಕ, ಚಿಕ್ಕಪ್ಪನ ಮಗ ಕೋಬಿಲ್, ಕೂಗುತ್ತಿದ್ದ. "ಅಕ್ಕಾ, ಅಲ್ಲಿಂದ ನಮ್ಮತ್ತೆ ಮನೆ ಕಾಣುತ್ತಾ? ಹೊಗೆ ಬರ್ತಿದ್ರೆ ಹೇಳು, ಊಟಕ್ಕೆ ಹೋಗ್ತೀನಿ!" ಜನ ಗೊಳ್ಳೆಂದರು.

ನಡುಹಗ್ಗದಲ್ಲಿ ತಾಳ ನಿಂತಿತು.

ಏನೋ ಬಿದ್ದ ಸದ್ದು. ಕಿರುಬಳೆಗಳು ನೆಲದ ಮೇಲೆ ಚದುರಿದಂತೆ ಒಮ್ಮೆ ಘಲ್ಲೆಂದು ಸುಮ್ಮನಾದವು. ಒಂದು ಹೆಣ್ಣು ಕಿರುಚಿತು. ಯಾರೋ ಬಾಯಿ ಮುಚ್ಚಿದಂತೆ ಆ ಕಿರುಚು ಅರ್ಧಕ್ಕೇ ತುಂಡಾಯಿತು. ನಕ್ಕ ಬಯಲು ಇಷ್ಟು ಬೇಗ ಹೀಗೆ ಸತ್ತುಹೋಗಬಹುದೆಂದು ಓಯ್ದಿನ್‌ಗೆ ಗೊತ್ತಿರಲಿಲ್ಲ. ಅವಳು ನಿಂತಳು. ಹಗ್ಗದ ಮೇಲೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಕಾಲಡಿಯಲ್ಲಿ ಹಗ್ಗ ಅದುರತೊಡಗಿತು, ಕೋಲಿನ ತುದಿಗಳು ನಡುಗಿದವು. ಕತ್ತು ತಾನಾಗಿ ಕೆಳಗೆ ಬಾಗಲು ಹೊರಟಿತು.

ಆಗ ದೋಯ್ರಾ ಮತ್ತೆ ನುಡಿಯಿತು.

ತಾಳ ತಪ್ಪಾಗಿತ್ತು. ಇದು ಹಗ್ಗದ ತಾಳವೇ ಅಲ್ಲ. ಮದುಮಗಳನ್ನು ಹೊರಡಿಸುವಾಗ ಅಂಗಳದಲ್ಲಿ ಹೆಂಗಸರು ಬಾರಿಸುವ ತಾಳ. ಪೆಟ್ಟಿಗೊಮ್ಮೆ ಬೆರಳಿನ ಉಂಗುರ ಮರದ ಅಂಚಿಗೆ ತಾಗಿ ಟಕ್ಕೆನ್ನುತ್ತಿತ್ತು. ಅಪ್ಪ ಉಂಗುರ ಹಾಕುವವನಲ್ಲ.

"ಅಕ್ಕಾ," ಕೋಬಿಲ್‌ನ ದನಿ ಒಡೆದಿತ್ತು, "ಅಲ್ಲಿಂದ ನಮ್ಮತ್ತೆ ಮನೆ... ಕಾಣುತ್ತಾ?" ಯಾರೂ ನಗಲಿಲ್ಲ.

ಅವಳು ಬಲಗಾಲು ಎತ್ತಿದಳು. ತಾಳ ಕಾದು ನಿಂತಿತು. ಕಾಲು ಹಗ್ಗಕ್ಕೆ ತಾಗಿದೊಡನೆ ಪೆಟ್ಟು ಬಿತ್ತು. ಎಡಗಾಲಿಗೂ ಹಾಗೇ. ಈವರೆಗೆ ತಾಳದ ಹಿಂದೆ ಕಾಲು ಹೋಗುತ್ತಿತ್ತು. ಈಗ ಕಾಲಿನ ಹಿಂದೆ ತಾಳ ಬರುತ್ತಿತ್ತು. ಉಂಗುರ ಅಮ್ಮನದು. ಅಮ್ಮ ನೋಡುತ್ತಿದ್ದಾಳೆ.

ಅಮ್ಮ ಹಗ್ಗದ ಕಡೆ ತಿರುಗಿ ಕೂತಿದ್ದಾಳೆಂದರೆ ಕೆಳಗೆ ಏನಾಗಿದೆಯೆಂದು ಇನ್ನು ನೋಡಬೇಕಾಗಿರಲಿಲ್ಲ. ಕೆಂಪು ಬಟ್ಟೆ ನೀರಲ್ಲಿ ಕದಡಿದಂತೆ ಕಂಡಿತು. ಅದು ಇರಬೇಕಾದ ಕಡೆಗೆ ಅವಳು ನಡೆದಳು.

ಕಂಬ ಸಿಕ್ಕಿತು. ಏಣಿ ಇಳಿದಳು. ತಾಳ ನಿಲ್ಲಲಿಲ್ಲ. ಜನ ದಾರಿ ಬಿಟ್ಟರು.

ಅಪ್ಪನ ಮುಖದ ಮೇಲೆ ಯಾರೋ ತಮ್ಮ ಸೊಂಟಕ್ಕೆ ಸುತ್ತಿದ್ದ ಶಾಲು ಬಿಚ್ಚಿ ಹೊದಿಸಿದ್ದರು. ಕೋಬಿಲ್‌ನ ಕೆನ್ನೆಯ ಹಿಟ್ಟಿನಲ್ಲಿ ಎರಡು ಗೆರೆ ಇಳಿದಿದ್ದವು. ಗಂಡನ ಪಕ್ಕ ಮಂಡಿಯೂರಿದ ಹದೀಚಾ ಯಾರೂ ಇಲ್ಲದ ಹಗ್ಗವನ್ನು ರೆಪ್ಪೆ ಮಿಟುಕಿಸದೆ ನೋಡುತ್ತ ಬಾರಿಸುತ್ತಿದ್ದಳು.

"ಅಮ್ಮಾ, ಇಳಿದೆ."

ಕೇಳಿಸಲಿಲ್ಲ.

"ಅಮ್ಮಾ, ನಾನಿಲ್ಲಿದೀನಿ."

ಓಯ್ದಿನ್ ತಮಟೆಯ ಮೇಲೆ ಅಂಗೈ ಇಟ್ಟಳು. ಒಲೆಯ ಬಿಸಿ ಚರ್ಮದಲ್ಲಿ ಇನ್ನೂ ಇತ್ತು. ಅಮ್ಮನ ಬೆರಳುಗಳು ಅವಳ ಕೈ ಮೇಲೆ ಇನ್ನೂ ಒಂದೆರಡು ಸಲ ಬಡಿದವು.