ಉತ್ತರದಿಂದಲೋ ದಕ್ಷಿಣದಿಂದಲೋ

ನಮ್ಮ ಹ್ವಮ್ಸ್‌ತಾಂಗಿ ಎಂಬ ಸಣ್ಣ ಊರಿನಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಪತ್ರಿಕೆ ಬೇಕಿಲ್ಲ. ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಬೆಳಿಗ್ಗೆ ಕತ್ತಿನ ತನಕ ಮುಳುಗಿ ಒಂದು ಗಂಟೆ ಕೂತರೆ ಸಾಕು. ನಾನು ಆ ಕೊಳದ ಬಾಗಿಲಲ್ಲಿ ಹತ್ತೊಂಬತ್ತು ವರ್ಷದಿಂದ ಟವೆಲ್ ಕೊಡುತ್ತ, ಮೈ ತೊಳೆಯದೆ ನೀರಿಗಿಳಿಯಲು ಬರುವ ಪರವೂರಿನವರನ್ನು ಗದರಿ ವಾಪಸು ಕಳಿಸುತ್ತ ಇರುವವಳು. ಹೀಗಾಗಿ ಗೆರ್ದಾ ಮತ್ತು ಮುಂದಿ ದಂಪತಿಯ ಪ್ರವಾಸದ ಜಗಳ ಮೊದಲ ದಿನದಿಂದಲೇ ನನ್ನ ಕಿವಿಗೆ ಬಿದ್ದಿತ್ತು.

ಮುಂದಿ ನಲವತ್ತು ವರ್ಷ ಹಿಮ ತಳ್ಳುವ ಗಾಡಿ ಓಡಿಸಿದವನು. ಅವನ ಪಾಲಿಗೆ ಇದ್ದದ್ದು ನಮ್ಮೂರಿನಿಂದ ದಕ್ಷಿಣದ ಘಟ್ಟದ ನೆತ್ತಿಯವರೆಗಿನ ರಸ್ತೆ. ಅದರ ಒಂದೊಂದು ತಿರುವೂ ಅವನಿಗೆ ಅಂಗೈಗೆರೆಯಷ್ಟು ಪರಿಚಿತ. ಅದರಾಚೆಗಿನ ದೇಶವನ್ನು ನೋಡಿದ್ದು ಕಡಿಮೆ. ಅವನ ಹೆಂಡತಿ ಗೆರ್ದಾ ಶಾಲೆಯ ಅಡುಗೆಮನೆಯಲ್ಲಿ ಮೀನು ಬೇಯಿಸುತ್ತಲೇ ಅರ್ಧ ಊರನ್ನು ಬೆಳೆಸಿದವಳು. ಚಳಿಗಾಲದಲ್ಲಿ ಇವನಿಗೆ ಹಿಮ, ಬೇಸಿಗೆಯಲ್ಲಿ ಅವಳಿಗೆ ಅಣ್ಣನ ಹೊಲದ ಹುಲ್ಲು ಕೊಯ್ಲು, ಆಮೇಲೆ ಬೆಟ್ಟದಿಂದ ಕುರಿ ಇಳಿಸುವ ಕೆಲಸ. ನಮ್ಮ ದ್ವೀಪದೇಶವನ್ನು ಸುತ್ತು ಹಾಕುವ ಹೆದ್ದಾರಿ ನಮ್ಮೂರಿನಿಂದ ಬರೀ ಆರು ಕಿಲೋಮೀಟರ್ ದೂರದಲ್ಲೇ ಹಾದುಹೋಗುತ್ತದೆ. ಆದರೂ ಅದನ್ನು ಪೂರ್ತಿ ಸುತ್ತಿ ಬರಲು ಇಬ್ಬರಿಗೂ ಆಗಿರಲಿಲ್ಲ.

ಈ ವರ್ಷ ಇಬ್ಬರೂ ಒಟ್ಟಿಗೆ ನಿವೃತ್ತರಾದರು. ಮುಂದಿ ಶಾಲೆಯ ಹಳೇ ವ್ಯಾನನ್ನು ಕೊಂಡು, ಸೀಟು ಕಿತ್ತು, ಇಬ್ಬರು ಮಲಗುವಷ್ಟು ಅಗಲದ ಮಂಚ ಬಡಿದ. ಗೆರ್ದಾ ನೋಟುಬುಕ್ಕಿನಲ್ಲಿ ಹದಿನಾಲ್ಕು ದಿನಕ್ಕೆ ಹದಿನಾಲ್ಕು ಪುಟ ಬರೆದಳು. ಎಲ್ಲಿ ಜಲಪಾತ, ಎಲ್ಲಿ ಊಟ, ಎಲ್ಲಿ ಈಜುಕೊಳ, ಎಲ್ಲವೂ ಅದರಲ್ಲಿತ್ತು. ತಕರಾರು ಎದ್ದದ್ದು ಒಂದೇ ವಿಷಯಕ್ಕೆ. ಹೆದ್ದಾರಿಗೆ ಹೋಗಿ ಯಾವ ಕಡೆ ತಿರುಗುವುದು? ಉತ್ತರದ ಊರುಗಳನ್ನು ಮೊದಲು ನೋಡಿಕೊಂಡು ಪೂರ್ವಕ್ಕೆ ಹೋಗೋಣ ಎಂದು ಮುಂದಿ. ದಕ್ಷಿಣವನ್ನೆಲ್ಲ ನಿಧಾನವಾಗಿ ನೋಡಿ, ಪೂರ್ವಕ್ಕೆ ಕೊನೆಗೆ ಹೋದರಾಯಿತು ಎಂದು ಗೆರ್ದಾ.

ತೊಟ್ಟಿಯ ಮಂದಿ ಎರಡು ಪಕ್ಷವಾದರು. ಅಂಚೆಯವನಾಗಿದ್ದ ಬ್ರಾಂದುರನಿಗೆ ಎಪ್ಪತ್ತೆಂಟು ವಯಸ್ಸು. ಅವನು ಒಂದು ಬೆಳಿಗ್ಗೆ ಒಂದು ಪಕ್ಷ, ಮಾರನೆಯ ಬೆಳಿಗ್ಗೆ ಇನ್ನೊಂದು.

"ದಕ್ಷಿಣದ ಕಡೆ ಗಾಳಿ ಅಂದ್ರೆ ಗಾಳಿ ಕಣಮ್ಮ," ಎಂದ ಒಂದು ದಿನ. "ವ್ಯಾನಿನ ಬಾಗ್ಲು ತೆಗೆದ್ರೆ ಬಾಗ್ಲು ಹೋಗಿ ಸಮುದ್ರಕ್ಕೆ ಬೀಳತ್ತೆ. ನಿನ್ ಗಂಡ ಬಾಗ್ಲು ಹಿಡ್ಕೊಂಡು ಹಿಂದೇನೇ ಹೋಗ್ತಾನೆ."

"ಹೋದ್ರೆ ಹೋಗ್ಲಿ ಬಿಡು, ನಂಗೆ ಮಂಚದಲ್ಲಿ ಜಾಗ ಜಾಸ್ತಿ ಆಗತ್ತೆ," ಎಂದಳು ಗೆರ್ದಾ.

"ಕೇಳಿಸ್ಕೊಂಡ್ಯಾ ಎಯ್ದಿಸ್?" ಎಂದು ಮುಂದಿ ನನ್ನತ್ತ ಕೂಗಿದ. "ಇವಳ ಜೊತೆ ಹದಿನಾಲ್ಕು ದಿನ!"

ನಕ್ಕೆವು. ಆದರೆ ಎರಡು ವಾರವಾದರೂ ಜಗಳ ತೀರಲಿಲ್ಲ. ಸುಮ್ಮನೆ ಹಟಕ್ಕೆ ಇಷ್ಟು ದಿನ ಎಳೆಯುವವರಲ್ಲ ಅವರು. ಒಂದು ದಿನ ಗೆರ್ದಾ ಇನ್ನೂ ತಲೆ ಒರೆಸಿಕೊಳ್ಳುತ್ತಿದ್ದಾಗ ಮುಂದಿ ಕಾಫಿ ಲೋಟ ಹಿಡಿದು ನನ್ನ ಮೇಜಿನ ಹತ್ತಿರ ಬಂದ.

"ಅವಳಿಗೆ ಗಾಳೀನೂ ಅಲ್ಲ, ಮಳೇನೂ ಅಲ್ಲ. ಪೂರ್ವದ ಕಡೆ ದ್ಯೂಪಿವೋಗುರ್‌ನಲ್ಲಿ ಸೋಲ್ರುನ್ ಇದಾಳೆ."

ಸೋಲ್ರುನ್ ಯಾರೆಂದು ನನಗೆ ಗೊತ್ತಿರಲಿಲ್ಲ. ಅವನೇ ಹೇಳಿದ. ಗೆರ್ದಾ ಮತ್ತು ಸೋಲ್ರುನ್ ಪಕ್ಕಪಕ್ಕದ ಹೊಲಗಳಲ್ಲಿ ಬೆಳೆದವರು. ಒಂದೇ ಕುದುರೆ ಮೇಲೆ ಇಬ್ಬರೂ ಕೂತು ಶಾಲೆಯ ಬಸ್ಸಿನ ತನಕ ಹೋಗುತ್ತಿದ್ದವರು. ಮೂವತ್ತೆಂಟು ವರ್ಷದ ಹಿಂದೆ, ಮಾರ್ಚಿನಲ್ಲಿ, ಸೋಲ್ರುನ್‌ಳ ಮದುವೆ ಘಟ್ಟದ ಆಚೆ ಬೋರ್ಗಾರ್‌ನೆಸ್‌ನಲ್ಲಿ ಗೊತ್ತಾಯಿತು. ಮದುವೆಯ ಕೇಕು ಗೆರ್ದಾಳದ್ದು. ಬಾದಾಮಿ ಹಿಟ್ಟಿನ ಹದಿನೆಂಟು ಉಂಗುರಗಳನ್ನು ಗೋಪುರದಂತೆ ಪೇರಿಸಿ ಸಕ್ಕರೆಯ ಎಳೆ ಸುತ್ತಿದ ಕೇಕು. ತಾನು ಮಾರನೆಯ ದಿನ ಬಸ್ಸಿನಲ್ಲಿ ಹೋಗುವುದು, ಕೇಕು ಮಾತ್ರ ಮುಂಚೆಯೇ ಮುಂದಿಯ ಗಾಡಿಯಲ್ಲಿ ಘಟ್ಟದ ನೆತ್ತಿಗೆ, ಅಲ್ಲಿಂದ ಆಚೆ ಕಡೆಯ ಹಿಮದ ಗಾಡಿಯಲ್ಲಿ ಹೋಗುವುದು ಎಂದು ಏರ್ಪಾಡು. ಆಗ ಮುಂದಿ ಮತ್ತು ಗೆರ್ದಾಳ ನಿಶ್ಚಿತಾರ್ಥವಾಗಿ ಒಂದು ತಿಂಗಳಾಗಿತ್ತಷ್ಟೆ.

"ಘಟ್ಟದ ಮೇಲೆ ಬಸ್ಸೊಂದು ಹೂತ್ಕೊಂಡಿತ್ತು ಎಯ್ದಿಸ್. ಹದಿಮೂರು ಜನ. ನನ್ನ ಗಾಡೀನೂ ಅಲ್ಲೇ ಸಿಕ್ಕಾಕ್ಕೊಂಡ್ತು. ಒಂದೂವರೆ ದಿನ. ಮಕ್ಕಳು ಹಸಿವು ಅಂತ ಅಳ್ತಿದ್ವು. ನಾನೇನ್ ಮಾಡ್ಲಿ?"

"ಕೇಕು ಹಂಚಿದೆ."

"ಮೇಲಿನ ಚಿಕ್ಕ ಉಂಗುರದಿಂದ ಶುರು ಮಾಡ್ದೆ. ಬುಡದ್ದು ಉಳಿಸ್ಬೇಕು ಅಂತಾನೇ ಇದ್ದೆ. ಉಳೀಲಿಲ್ಲ."

ಆಮೇಲೂ ಘಟ್ಟ ಕೆಲವು ದಿನ ಮುಚ್ಚಿಯೇ ಇತ್ತು. ಹೀಗಾಗಿ ಕೇಕೂ ಹೋಗಲಿಲ್ಲ, ಗೆರ್ದಾಳೂ ಹೋಗಲಿಲ್ಲ. ಸೋಲ್ರುನ್ ಫೋನು ಮಾಡಿ ಕೇಳಿದಾಗ, ತಾನು ಮದುವೆಯಾಗಲಿದ್ದ ಮುಂದಿಯ ಹೆಸರು ಕೆಡುತ್ತದೆಂದು ಗೆರ್ದಾ "ಕೇಕು ಒಲೇಲಿ ಸೀದು ಹೋಯ್ತು" ಎಂದುಬಿಟ್ಟಳಂತೆ. ಅತ್ತ ಕಡೆಯಿಂದ ಏನೋ ಚುಚ್ಚುಮಾತು ಬಂತು. "ಕೇಕಿಲ್ದಿದ್ರೆ ನಿಂತುಹೋಗೋ ಮದುವೇನಾ ನಿಂದು?" ಎಂದು ಇವಳೂ ತಿರುಗಿ ಕೊಟ್ಟಳು. ಫೋನು ಇಟ್ಟದ್ದು ಇಟ್ಟಂತೆಯೇ ಇದೆ.

"ಈಗ ಹೋಗಿ ಮಾತಾಡಿಸ್ಬೇಕು ಅಂತ ಅವಳಿಗೂ ಆಸೆ," ಎಂದ ಮುಂದಿ. "ಆದ್ರೆ ಮೊದಲೇ ಹೋಗಿ, ಸೋಲ್ರುನ್ ಬಾಗ್ಲು ಹಾಕ್ಕೊಂಡ್ರೆ ಪ್ರವಾಸ ಪೂರ್ತಿ ಹಾಳಾಗತ್ತೆ, ಕೊನೇಗಿರ್ಲಿ ಅಂತಾಳೆ. ನಾನು ಹೇಳೋದು, ಹದಿನಾಲ್ಕು ದಿನ ಹೊಟ್ಟೇಲಿ ಕಲ್ಲು ಇಟ್ಕೊಂಡು ಯಾವ ಜಲಪಾತ ನೋಡ್ತೀಯ? ಮೊದ್ಲು ಅಲ್ಲಿಗೇ ಹೋಗೋಣ ಅಂತ."

ಅಷ್ಟರಲ್ಲಿ ಗೆರ್ದಾ ಬಂದಳು. ಅವನು ಹವಾಮಾನದ ಮಾತು ತೆಗೆದ.

ಇಲ್ಲಿಂದ ಮುಂದಿನದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ನನ್ನ ಚಿಕ್ಕಮ್ಮನ ಮಗಳು ದ್ಯೂಪಿವೋಗುರ್‌ನ ಈಜುಕೊಳದಲ್ಲಿ ನನ್ನಂತೆಯೇ ಟವೆಲ್ ಕೊಡುವವಳು. ಭಾನುವಾರ ಫೋನಿನಲ್ಲಿ ಮಾತಾಡುವಾಗ, ಸೋಲ್ರುನ್ ಅನ್ನೋರು ನಿಮ್ಮೂರಲ್ಲಿ ಇದ್ದಾರಾ, ಹೇಗಿದ್ದಾರೆ ಎಂದಷ್ಟೇ ಕೇಳಿದೆ. ಅವಳು ಯಾಕೆ ಎಂದಳು. ನಾನು ಹೇಳಿಬಿಟ್ಟೆ. ಕೇಕಿನ ವಿಷಯ ಬಿಟ್ಟು ಉಳಿದದ್ದನ್ನೆಲ್ಲ.

ಎರಡು ದಿನ ಬಿಟ್ಟು, ಗೆರ್ದಾ ಕೊಳದಲ್ಲಿ ಮರೆತುಹೋಗಿದ್ದ ಈಜುಡುಗೆಯನ್ನು ಕೊಡಲು ಅವರ ಮನೆಗೆ ಹೋದೆ. ಮೇಜಿನ ತುಂಬ ನಕಾಶೆ ಹರಡಿತ್ತು. ಗೆರ್ದಾ ದಾರಿಗೆಂದು ಒಣಮೀನನ್ನು ಪೊಟ್ಟಣ ಕಟ್ಟುತ್ತಿದ್ದಳು. ಮುಂದಿ ನಕಾಶೆಯ ಮೂಲೆಗೆ ಬೆಣ್ಣೆಯ ಡಬ್ಬ ಇಟ್ಟದ್ದಕ್ಕೆ ಬೈಸಿಕೊಳ್ಳುತ್ತಿದ್ದ. ಆಗ ಫೋನು ಬಡಿದುಕೊಂಡಿತು.

ಗೆರ್ದಾ ಎತ್ತಿ ಹಲೋ ಎಂದಳು. ಒಣಮೀನಿನ ಪುಡಿ ಅಂಟಿದ್ದ ಕೈಯಲ್ಲೇ ಕುರ್ಚಿ ಹುಡುಕಿ ಕೂತಳು. ಅತ್ತ ಕಡೆಯ ದನಿ ಎಷ್ಟು ಗಟ್ಟಿಯಾಗಿತ್ತೆಂದರೆ ನಮಗೆಲ್ಲ ಕೇಳುತ್ತಿತ್ತು.

"ನಾನು ಸೋಲ್ರುನ್ ಕಣೇ. ಯಾವ ಕಡೆಯಿಂದ ಬರ್ತಿದೀರಿ?"

"ಇನ್ನೂ... ಇನ್ನೂ ಗೊತ್ತಾಗಿಲ್ಲ," ಎಂದಳು ಗೆರ್ದಾ.

"ಗೊತ್ತಾಗಿಲ್ಲ ಅಂದ್ರೇನು? ಒಳ್ಳೆ ಹೊಗೆಯಾಡಿಸಿದ ಮಾಂಸ ತೆಗೆದಿಟ್ಟಿದೀನಿ. ಯಾವತ್ತು ಬೇಯಿಸ್ಲಿ, ಉತ್ತರದಿಂದ ಅಂತ ನಾಲ್ಕನೇ ದಿನಕ್ಕೋ, ದಕ್ಷಿಣದಿಂದ ಅಂತ ಹನ್ನೊಂದನೇ ದಿನಕ್ಕೋ?"

ಗೆರ್ದಾ ನನ್ನತ್ತ ನೋಡಿದಳು. ನಾನು ಕಿಟಕಿಯತ್ತ ನೋಡಿದೆ.

ಮುಂದಿ ಎದ್ದು ಹೆಂಡತಿಯ ಕೈಯಿಂದ ಫೋನು ತೆಗೆದುಕೊಂಡ. ಅವನ ಕಿವಿ ಕೆಂಪಾಗಿತ್ತು. "ಸೋಲ್ರುನ್, ನಾನು ಮುಂದಿ. ಒಂದು ವಿಷಯ ಹೇಳ್ಬೇಕು. ನಿನ್ ಮದುವೆ ಕೇಕು ಸೀದಿರ್ಲಿಲ್ಲ. ತುಂಬಾ ಚೆನ್ನಾಗಿತ್ತು. ನಾನು ಅದನ್ನ ಘಟ್ಟದ ಮೇಲೆ ಒಂದು ಬಸ್ಸಿನ ಜನಕ್ಕೆಲ್ಲ ಹಂಚಿಬಿಟ್ಟೆ. ತಪ್ಪು ನಂದು, ಅವಳದ್ದಲ್ಲ."

ಅತ್ತ ಕಡೆಯಿಂದ ದೊಡ್ಡ ನಗು ಬಂತು.

"ಗೊತ್ತು ಮಾರಾಯ! ಆ ಬಸ್ಸಲ್ಲಿ ನನ್ ಗಂಡ ಸ್ಟೇನಾರ್‌ನ ದೊಡ್ಡಮ್ಮ ಇದ್ಲು. ನಮ್ಮ ಮದುವೆಗೇ ಹೊರಟಿದ್ಲು. ಮೂರು ದಿನ ತಡವಾಗಿ ಬಂದು, 'ಯಾರೋ ಪುಣ್ಯಾತ್ಮ ಹಿಮದ ಗಾಡಿಯಿಂದ ಬಾದಾಮಿ ಕೇಕು ತಂದು ಜೀವ ಉಳಿಸ್ದ' ಅಂತ ಹೊಗಳಿದ್ದೇ ಹೊಗಳಿದ್ದು. ಆ ಕೇಕು ಬೇರೆ ಯಾರದ್ದಾಗಿರತ್ತೆ?"

ಗೆರ್ದಾ ಫೋನು ಕಿತ್ತುಕೊಂಡಳು. "ಮತ್ತೆ? ಗೊತ್ತಿದ್ದೂ ಮೂವತ್ತೆಂಟು ವರ್ಷ ಸಿಟ್ಟು ಮಾಡ್ಕೊಂಡು ಕೂತ್ಯಾ?"

"ಕೇಕಿಗೆ ಯಾರ್ ಸಿಟ್ಟು ಮಾಡ್ಕೊಂಡ್ರು? ನೀನು ನಂಗೆ ಸುಳ್ಳು ಹೇಳ್ದೆ ಕಣೇ. ನಂಗೆ! ಒಂದೇ ಕುದುರೆ ಮೇಲೆ ಬೆಳೆದೋರು ನಾವು."

ಇದನ್ನು ಹೇಳುವಾಗ ಅವಳ ದನಿಯ ಗಟ್ಟಿತನ ಕರಗಿತ್ತು. ಗೆರ್ದಾ ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಹೇಳ್ದೆ. ತಪ್ಪಾಯ್ತು," ಎಂದಳು. "ನೀನೂ ಒಂದು ಫೋನ್ ಮಾಡ್ಬಹುದಿತ್ತು."

"ಮಾಡ್ಬಹುದಿತ್ತು. ಮೊದಲ್ನೇ ವರ್ಷ ನೀನೇ ಮಾಡ್ಲಿ ಅಂತ ಕಾದೆ. ಆಮೇಲೆ ನಾಚಿಕೆ ಆಯ್ತು. ಯಾವತ್ತು ಬರ್ತೀಯ ಹೇಳು, ಫೋನಿನ ಕಾರ್ಡಲ್ಲಿ ದುಡ್ಡು ಖಾಲಿ ಆಗ್ತಿದೆ."

"ನಾಳೆ," ಎಂದಳು ಗೆರ್ದಾ.

ಹೊರಡಲು ಇನ್ನೂ ಒಂಬತ್ತು ದಿನ ಇತ್ತು. ವ್ಯಾನಿಗೆ ಪರದೆ ಹೊಲಿದಿರಲಿಲ್ಲ. ಮುಂದಿ ಗೆರ್ದಾಳ ಮುಖ ನೋಡಿದ. ಆಮೇಲೆ ನಕಾಶೆ ಮಡಿಸತೊಡಗಿದ.

ಮಾರನೆಯ ಬೆಳಿಗ್ಗೆ ತೊಟ್ಟಿಯ ಮಂದಿ ಒದ್ದೆ ತಲೆಯಲ್ಲೇ ಬೀಳ್ಕೊಡಲು ರಸ್ತೆಗೆ ಬಂದರು. ಬ್ರಾಂದುರ್ ಟವೆಲ್ ಸುತ್ತಿಕೊಂಡೇ ನಿಂತಿದ್ದ. ನಾನು ಕಿವಿ ಮುಚ್ಚಿಕೊಂಡೇ ಹತ್ತಿರ ಹೋದೆ, ಎರಡು ಬೈಗುಳವಾದರೂ ಬೀಳುತ್ತದೆಂದು. ಗೆರ್ದಾ ಕಿಟಕಿಯಿಂದ ಕೈಚಾಚಿ ನನ್ನ ಕೆನ್ನೆ ಹಿಂಡಿದಳು.

"ನಿನ್ ಬಾಯಿಗಿಷ್ಟು ಬೀಗ ಹಾಕ!" ಎಂದಳು. ಹಿಂಡಿದ್ದು ಸ್ವಲ್ಪ ನೋಯಿತು.

ದಾರಿಯ ಕತೆ ಮುಂದಿಯೇ ಆಮೇಲೆ ಹೇಳಿದ್ದು. ಉತ್ತರದ ಅಕುರೇರಿ ಪಟ್ಟಣದಲ್ಲಿ ಊಟ ಎಂದು ನೋಟುಬುಕ್ಕಿನಲ್ಲಿತ್ತು, ಗೆರ್ದಾ ಇಳಿಯಲೇ ಇಲ್ಲ. ಎರಡು ದೊಡ್ಡ ಜಲಪಾತಗಳ ಹತ್ತಿರ ಅವನು ವೇಗ ತಗ್ಗಿಸಿದ. "ಅದೇನು ಓಡಿಹೋಗತ್ತಾ? ನಡಿ ನಡಿ," ಎಂದಳು. ಮೀವಾತ್ನ್ ಸರೋವರದ ಬಳಿ ಮೂತ್ರಕ್ಕೆ ನಿಲ್ಲಿಸಿದ್ದಕ್ಕೂ ಗೊಣಗಿದಳು. ನಾಲ್ಕು ದಿನದ ದಾರಿಯನ್ನು ಒಂದೇ ದಿನದಲ್ಲಿ, ಒಣಮೀನು ಬೆಣ್ಣೆ ತಿನ್ನುತ್ತ ಮುಗಿಸಿದರು. ದಾರಿಯುದ್ದಕ್ಕೂ ಅವಳು ಏನು ಮಾತಾಡಬೇಕೆಂದು ಬಾಯಿಪಾಠ ಮಾಡುತ್ತಿದ್ದಳಂತೆ.

ಸಂಜೆ ಬಿಸಿಲಲ್ಲಿ ದ್ಯೂಪಿವೋಗುರ್‌ನ ಮೊದಲ ಮನೆಗಳು ಕಂಡಾಗ, ರಬ್ಬರಿನ ಬೂಟು ಹಾಕಿಕೊಂಡ ಒಬ್ಬ ದಪ್ಪ ಹೆಂಗಸು ರಸ್ತೆಯ ಮಧ್ಯದಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಗೆರ್ದಾ ಇಳಿದಳು. ಬಾಯಿಪಾಠವೆಲ್ಲ ಮರೆತುಹೋಯಿತು.

"ಮುದುಕಿ ಆಗ್ಬಿಟ್ಟಿದೀಯಲ್ಲೇ," ಎಂದಳು ಸೋಲ್ರುನ್.

"ನೀನೇನು ಇನ್ನೂ ಹದಿನೆಂಟರ ಹುಡುಗೀನಾ? ಆ ಹೊಟ್ಟೆ ನೋಡು."

ಅಷ್ಟೇ. ಆಮೇಲೆ ಒಬ್ಬರನ್ನೊಬ್ಬರು ಹಿಡಿದುಕೊಂಡು ರಸ್ತೆಯಲ್ಲೇ ನಿಂತುಬಿಟ್ಟರು. ಹಿಂದಿನಿಂದ ಬಂದ ಮೀನಿನ ಲಾರಿಯವನು ಹಾರನ್ ಹೊಡೆಯದೆ, ಇಂಜಿನ್ ಆರಿಸಿ ಕಾದ.

ಒಂದು ರಾತ್ರಿ ಎಂದು ಹೋದವರು ಐದು ದಿನ ಉಳಿದರು. ಸ್ಟೇನಾರ್ ದೋಣಿಯಲ್ಲಿ ಮೀನಿಗೆ ಹೋಗಿದ್ದ, ಬರುವುದು ತಿಂಗಳ ಕೊನೆಗೆ. ಮನೆಯಲ್ಲಿ ಒಬ್ಬಳೇ ಏನು ಮಾಡುತ್ತೀಯ ಎಂದು ಗೆರ್ದಾ ಕೇಳಿದ್ದೇ ತಡ, ಸೋಲ್ರುನ್ ಚೀಲ ಕಟ್ಟಿದಳು. ದಕ್ಷಿಣದ ಭಾಗಕ್ಕೆ ಮೂವರೂ ಹೊರಟರು.

ದಾರಿಯ ಹ್ಯೋಫ್ನ್ ಊರನ್ನು ತಲುಪಿದ ಮೇಲೆ ಮುಂದಿ ನನಗೆ ಫೋನು ಮಾಡಿದ. ಹಿಂದೆ ಮಳೆಯ ಸದ್ದು ಜೋರಾಗಿತ್ತು.

"ಎಲ್ಲಿದೀಯ?" ಎಂದೆ.

"ಟೆಂಟಲ್ಲಿ. ಸ್ಟೇನಾರ್‌ದು, ಹಳೇದು. ಸೋರ್ತಿದೆ."

"ಮಂಚ?"

"ನಾನು ಬಡಿದ ಮಂಚದ ಮೇಲೆ ಅವರಿಬ್ರು ಮಲ್ಗಿದಾರೆ. ಮಲ್ಗಿದಾರೆ ಅಂದ್ರೆ ಸುಮ್ನೆ ಮಾತಿಗೆ. ಮೂರು ಗಂಟೆಯಿಂದ ನಗ್ತಾನೇ ಇದಾರೆ. ವ್ಯಾನು ಅಲ್ಲಾಡ್ತಿದೆ."

"ಇನ್ನೂ ಎಷ್ಟು ದಿನ?"

"ಏಳು."

"ಸಾಕಾದ್ರೆ ವಾಪಸ್ ಬಂದ್ಬಿಡೋ."

"ಹುಚ್ಚಾ ನಿಂಗೆ?" ಎಂದ ಮುಂದಿ. ಆಮೇಲೆ ದನಿ ತಗ್ಗಿಸಿ, "ಇವಳು ಹೀಗೆ ನಗೋದನ್ನ ನಾನು ಕೇಳೇ ಇರ್ಲಿಲ್ಲ ಎಯ್ದಿಸ್. ತಡಿ, ನಿಂಗೂ ಕೇಳಿಸ್ತೀನಿ," ಎಂದು ಫೋನನ್ನು ಟೆಂಟಿನ ಹೊರಗೆ, ಮಳೆಯಲ್ಲಿ, ವ್ಯಾನಿನ ಕಡೆಗೆ ಹಿಡಿದ.